ಇಕ್ಕಟ್ಟಾದ ಅಡುಗೆಮನೆ: ಗೋಡೆ ಒಡೆಯುವ ಮುಂಚೆ ಇಷ್ಟು ನೋಡಿ

ಅಡುಗೆಮನೆ ಇಕ್ಕಟ್ಟು ಅನ್ನಿಸಿದ ಕೂಡಲೇ ಎಲ್ಲರ ಕಣ್ಣು ಬೀಳುವುದು ಹಾಲ್ ಕಡೆಯ ಗೋಡೆಯ ಮೇಲೆ. ಅದೊಂದು ಹೋದರೆ ಎಲ್ಲ ಸರಿಯಾಗುತ್ತೆ ಅನ್ನುವ ಆಸೆ. ಆದರೆ ಗೋಡೆಯ ತೀರ್ಮಾನ ಕೊನೆಗಿರಲಿ. ಎಷ್ಟೋ ಕಡೆ ಪೂರ್ತಿ ಗೋಡೆ ತೆಗೆಯುವ ಅಗತ್ಯವೇ ಬರುವುದಿಲ್ಲ.

ಮೊದಲು ಪಾತ್ರೆ, ಡಬ್ಬಿ, ಮಿಕ್ಸಿ ಎಲ್ಲವನ್ನೂ ಹೊರಗೆ ತಂದಿಡಿ. ಅಪರೂಪಕ್ಕೆ ಕೈಗೆ ಬರುವ ಸಾಮಾನು ಬೇರೆ ಕಡೆ ಹೋಗಲಿ. ಆಮೇಲೆ ಎರಡು ಮೂರು ದಿನ ಅಡುಗೆ ಮಾಡುವಾಗ ಎಲ್ಲೆಲ್ಲಿ ಅಡ್ಡ ಬರುತ್ತದೆ ಅಂತ ಗಮನಿಸಿ. ಫ್ರಿಜ್ ಬಾಗಿಲು ತೆರೆದರೆ ಸಿಂಕ್ ಮುಂದೆ ನಿಂತವರ ಬೆನ್ನಿಗೆ ತಾಗುತ್ತಾ? ಒಲೆ ಹತ್ತಿರ ಬಿಸಿ ಪಾತ್ರೆ ಇಳಿಸಲು ಒಂದು ಮೊಳ ಜಾಗವೂ ಇಲ್ವಾ? ಅಂಥ ಜಾಗದಲ್ಲೆಲ್ಲ ಚಾಕ್‌ಪೀಸ್‌ನಿಂದ ಗುರುತು ಹಾಕಿ. ನಿಜವಾದ ತೊಂದರೆ ಅಲ್ಲೇ ಇರುತ್ತದೆ.

ಚಿಕ್ಕದಾಗಿರುವುದೇ ತಪ್ಪಲ್ಲ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಜರ್ಮನಿಯ ಸಣ್ಣ ಮನೆಗಳಿಗಾಗಿ ವಿನ್ಯಾಸ ಮಾಡಿದ ಫ್ರಾಂಕ್‌ಫರ್ಟ್ ಅಡುಗೆಮನೆ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದವಷ್ಟೇ ಇತ್ತು. ರೈಲಿನ ಊಟದ ಬೋಗಿಯ ಅಡುಗೆಮನೆ ನೋಡಿ, ಹೆಜ್ಜೆ ಕಡಿಮೆಯಾಗುವ ಹಾಗೆ ಅದನ್ನು ಜೋಡಿಸಿದ್ದರು. ಇವತ್ತಿಗೂ ಲೆಕ್ಕ ಅದೇ. ಒಲೆ, ಸಿಂಕ್, ಫ್ರಿಜ್ ಈ ಮೂರರಲ್ಲಿ ಒಂದರಿಂದ ಇನ್ನೊಂದಕ್ಕೆ 4ರಿಂದ 9 ಅಡಿ ದೂರ, ಈ ಮೂರೂ ದೂರ ಸೇರಿ 26 ಅಡಿ ಮೀರದಿದ್ದರೆ ಒಳ್ಳೆಯದು. ಓಡಾಡುವ ಜಾಗ ಒಬ್ಬರಿಗಾದರೆ 42 ಇಂಚು, ಇಬ್ಬರು ಒಟ್ಟಿಗೆ ಕೆಲಸ ಮಾಡುವುದಾದರೆ 48 ಇಂಚು. ಅಷ್ಟು ಸಿಗದಿದ್ದರೆ ಒಂದು ಕಡೆಯ ಕಪಾಟಿನ ಆಳ ಕಡಿಮೆ ಮಾಡಿ.

ಸಿಂಕ್ ಸಾಧ್ಯವಾದಷ್ಟೂ ಇದ್ದಲ್ಲೇ ಇರಲಿ. ಕೊಳಚೆ ಪೈಪಿಗೆ ಒಂದೊಂದು ಅಡಿ ಉದ್ದಕ್ಕೂ ಕಾಲಿಂಚಾದರೂ ಇಳಿಜಾರು ಬೇಕು, ಅಂದರೆ ಸಿಂಕನ್ನು 8 ಅಡಿ ಆಚೆ ಸರಿಸಿದರೆ ಪೈಪ್ 2 ಇಂಚು ಇಳಿಯಬೇಕು, ಅದಕ್ಕಾಗಿ ನೆಲ ಅಗೆಯಬೇಕು ಇಲ್ಲವೇ ಎತ್ತರಿಸಬೇಕು. ಅದರ ಬದಲು ಫ್ರಿಜ್ ಸರಿಸುವುದು ಎಷ್ಟೋ ಸುಲಭ.

ಈಗ ಗೋಡೆಗೆ ಬರೋಣ. ತಟ್ಟಿ ನೋಡಿ ಶಬ್ದದ ಮೇಲೆ ಏನನ್ನೂ ತೀರ್ಮಾನಿಸಬೇಡಿ. ಗೋಡೆ ಎಷ್ಟು ದಪ್ಪ, ಮೇಲಿನ ಮಹಡಿಯಲ್ಲಿ ಅದೇ ಸಾಲಿನಲ್ಲಿ ಇನ್ನೊಂದು ಗೋಡೆ ಇದೆಯಾ, ಸ್ಲ್ಯಾಬಿನ ಭಾರ ಪಿಲ್ಲರ್-ಬೀಮ್ ಮೇಲಿದೆಯಾ ಅಥವಾ ಈ ಗೋಡೆಯ ಮೇಲೇ ಕೂತಿದೆಯಾ, ಇದನ್ನೆಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿಯೇ ಹೇಳಬೇಕು. ಮೇಸ್ತ್ರಿ ಎಷ್ಟೇ ಅನುಭವಿಯಾಗಿದ್ದರೂ ಈ ವಿಷಯದಲ್ಲಿ ಅವರ ಅಂದಾಜು ಸಾಲದು. ಭಾರ ಹೊತ್ತ ಗೋಡೆಯಾದರೆ ಮೇಲೆ ಬೀಮ್ ಕೊಡದೆ ಒಂದು ಇಟ್ಟಿಗೆಯನ್ನೂ ಮುಟ್ಟಬಾರದು. ಒಳಗೆ ವೈರ್, ನೀರಿನ ಪೈಪ್ ಹೋಗಿದೆಯಾ ಅಂತಲೂ ನೋಡಿ.

ನನಗೆ ತುಂಬಾ ಇಷ್ಟವಾಗುವುದು ಅರ್ಧ ಗೋಡೆ. ಕಟ್ಟೆಯ ಎತ್ತರದಿಂದ ಮೇಲಷ್ಟೇ ತೆರೆದರೆ ಬೆಳಕು ಬರುತ್ತದೆ, ಮಾತು ಕೇಳುತ್ತದೆ, ಕೆಳಗೆ ಕಪಾಟಿನ ಜಾಗ ಉಳಿಯುತ್ತದೆ, ತೊಳೆಯದ ಪಾತ್ರೆ ಹಾಲ್‌ನಲ್ಲಿ ಕೂತವರಿಗೆ ಕಾಣುವುದಿಲ್ಲ. ಇದಕ್ಕೂ ಮೇಲೆ ಲಿಂಟೆಲ್ (ತೆರೆದ ಜಾಗದ ಮೇಲೆ ಭಾರ ಹೊರುವ ಅಡ್ಡ ತೊಲೆ) ಬೇಕು, ಇದಕ್ಕೂ ಎಂಜಿನಿಯರ್ ಒಪ್ಪಬೇಕು.

ಗೋಡೆ ತೆರೆದರೆ ಹೊಗೆ, ವಾಸನೆ, ಜಿಡ್ಡು ಎಲ್ಲ ಹಾಲ್‌ಗೆ ಬರುತ್ತದೆ. ಹಾಗಾಗಿ ಚಿಮ್ನಿಯ ಯೋಜನೆ ಮೊದಲೇ ಆಗಲಿ. ಅದು ಒಲೆಯಷ್ಟಾದರೂ ಅಗಲ ಇರಬೇಕು. ಗ್ಯಾಸ್ ಒಲೆಯಾದರೆ ಸಾಮಾನ್ಯವಾಗಿ 26ರಿಂದ 30 ಇಂಚು ಮೇಲೆ ಕೂರಿಸುತ್ತಾರೆ, ತಯಾರಕರ ಸೂಚನೆಯನ್ನೂ ನೋಡಿಕೊಳ್ಳಿ. ಪೈಪ್ ನೇರವಾಗಿ ಹೊರಗೆ ಹೋಗಲಿ, ತಿರುವು ಜಾಸ್ತಿಯಾದಷ್ಟೂ ಎಳೆಯುವ ಶಕ್ತಿ ಕಡಿಮೆ. ಹೊರಗೆ ಪೈಪ್ ಇಲ್ಲದ, ಇದ್ದಿಲು ಫಿಲ್ಟರ್ ಚಿಮ್ನಿ ವಾಸನೆ ತಗ್ಗಿಸುತ್ತದೆ, ಆದರೆ ಹಬೆ ಮನೆಯಲ್ಲೇ ಉಳಿಯುತ್ತದೆ.

ಕೆಳಗಿನ ಕಪಾಟುಗಳಿಗೆ ಬಾಗಿಲಿಗಿಂತ ಡ್ರಾಯರ್ ಹಾಕಿಸಿ, ಹಿಂದಿರುವ ಪಾತ್ರೆಗೆ ಬಗ್ಗಿ ತಡಕಾಡುವುದು ತಪ್ಪುತ್ತದೆ. ಕಟ್ಟೆ ನಿಮ್ಮ ಮೊಣಕೈಗಿಂತ 4ರಿಂದ 6 ಇಂಚು ಕೆಳಗಿರಲಿ. ಮೇಲಿನ ಕಪಾಟಿನ ಅಡಿಯಲ್ಲಿ ಲೈಟ್ ಬೇಕೇ ಬೇಕು, ಇಲ್ಲದಿದ್ದರೆ ಹೆಚ್ಚುವಾಗ ನಿಮ್ಮ ನೆರಳೇ ಕೈಮೇಲೆ ಬೀಳುತ್ತದೆ.

ಕೆಲಸ ಶುರುವಾದರೆ ಒಡೆಯುವುದು, ಪೈಪ್-ವೈರಿಂಗ್, ಪ್ಲಾಸ್ಟರಿಂಗ್, ನೆಲ, ಕಪಾಟು, ಕಟ್ಟೆಯ ಕಲ್ಲು ಈ ಕ್ರಮದಲ್ಲೇ ನಡೆಯಲಿ. ಕಪಾಟು ಕೂರಿಸಿದ ಮೇಲೇ ಕಲ್ಲಿನ ಅಳತೆ ತೆಗೆಸಿ. ಗೋಡೆ ಇದ್ದಲ್ಲಿ ನೆಲದಲ್ಲಿ ಒಂದು ಪಟ್ಟಿ ಖಾಲಿ ಉಳಿಯುತ್ತದೆ, ಅದಕ್ಕೆ ಹೊಂದುವ ಟೈಲ್ಸ್ ಮೊದಲೇ ಹುಡುಕಿಡಿ. ಪ್ಲಾಸ್ಟರಿಂಗ್ ಆಗುವ ಮುಂಚೆ ಪೈಪ್, ವೈರ್ ಹೋದ ದಾರಿಗೆ ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಡ್ರಿಲ್ ಮಾಡಿಸುವಾಗೆಲ್ಲ ಅದು ಬೇಕಾಗುತ್ತದೆ.