ಕಂಟ್ರೋಲರ್‌ಗೆ ಹೊರಗಿನ ಮೆಮೊರಿ: ನಾನು ಜೋಡಿಸಿದ ಬಗೆ

ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪಿನಿಂದ ನಡೆಯುವ ನನ್ನ ಡೇಟಾ ಲಾಗರ್‌ಗೆ ಎರಡು ಥರದ ಮೆಮೊರಿ ಜಾಗ ಬೇಕಿತ್ತು. ಸೆನ್ಸರ್ ಓದಿದ್ದನ್ನೆಲ್ಲ ಸುರಿಯಲು ದೊಡ್ಡದೊಂದು, ಸೆಟ್ಟಿಂಗ್ ಇಡಲು ಚಿಕ್ಕದೊಂದು. ಎರಡನ್ನೂ ಒಂದೇ ಫ್ಲ್ಯಾಶ್ ಮೆಮೊರಿ ಚಿಪ್ಪಿಗೆ ತುರುಕಬಹುದಿತ್ತು. ಆದರೆ ಫ್ಲ್ಯಾಶ್‌ನಲ್ಲಿ 0 ಆದ ಒಂದೇ ಒಂದು ಬಿಟ್ಟನ್ನು 1 ಮಾಡಬೇಕೆಂದರೂ 4 ಕೆಬಿ ಸೆಕ್ಟರ್ ಪೂರ್ತಿ ಅಳಿಸಬೇಕು. ಆ ಹೊತ್ತಿಗೆ ಕರೆಂಟ್ ಹೋದರೆ ಸೆಟ್ಟಿಂಗೂ ಹೋಯಿತು. ಲಾಗ್‌ನಲ್ಲಿ ಒಂದು ಸಾಲು ಹೋದರೆ ನಡೆಯುತ್ತದೆ, ಸೆಟ್ಟಿಂಗ್ ಹೋದರೆ ನಡೆಯಲ್ಲ, ಅಲ್ವಾ? ಹಾಗಾಗಿ ಡೇಟಾಗೆ 8 ಎಂಬಿಯ ಡಬ್ಲ್ಯೂ25ಕ್ಯೂ64 ಫ್ಲ್ಯಾಶ್, ಸೆಟ್ಟಿಂಗ್‌ಗೆ 32 ಕೆಬಿಯ 24ಎಲ್‌ಸಿ256 ಇಇಪ್ರಾಮ್ (ಸೆಕ್ಟರ್ ಅಳಿಸದೆಯೇ ಬೈಟ್ ಬೈಟಾಗಿ ಬರೆಯಬಹುದಾದ ಮೆಮೊರಿ) ಹಾಕಿದೆ. ಎಲ್ಲವೂ 3.3 ವೋಲ್ಟ್.

ಫ್ಲ್ಯಾಶ್ ಇರುವುದು ಎಸ್‌ಪಿಐ ಮೇಲೆ, ಅಂದರೆ ಚಿಪ್ಪುಗಳು ಮಾತಾಡಿಕೊಳ್ಳುವ ನಾಲ್ಕು ತಂತಿಯ ಬಸ್ ಮೇಲೆ. ವೈರಿಂಗ್ ಸುಲಭ, ಆದರೆ ಯಾವ ಪಿನ್ನನ್ನೂ ಗಾಳಿಯಲ್ಲಿ ಬಿಡಬಾರದು. ಹೋಲ್ಡ್ (ಮಾತು ತಡೆಹಿಡಿಯುವ) ಮತ್ತು ಡಬ್ಲ್ಯೂಪಿ (ಬರೆಯದಂತೆ ತಡೆಯುವ) ಪಿನ್‌ಗಳನ್ನು 10ಕೆ ರೆಸಿಸ್ಟರ್ ಮೂಲಕ 3.3ಕ್ಕೆ ಎಳೆದೆ. ಚಿಪ್ಪನ್ನು ಆರಿಸುವ ಸಿಎಸ್ ಪಿನ್‌ಗೂ ಅಷ್ಟೇ, ಯಾಕೆಂದರೆ ಕಂಟ್ರೋಲರ್ ರೀಸೆಟ್‌ನಲ್ಲಿದ್ದಾಗ ಅದರ ಪಿನ್‌ಗಳು ತೇಲುತ್ತಿರುತ್ತವೆ. ಪ್ರತಿ ಚಿಪ್ಪಿನ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಕೆಪ್ಯಾಸಿಟರ್. ಆಮೇಲೆ ಮೊದಲು ಮಾಡಿದ್ದು ಹೆಕ್ಸ್ (16ರ ಆಧಾರದ ಎಣಿಕೆ) 9ಎಫ್ ಕಮಾಂಡ್ ಕಳಿಸಿ ಐಡಿ ಓದಿದ್ದು. ಇಎಫ್, 40, 17 ಬಂತೆಂದರೆ ವೈರಿಂಗ್ ಸರಿ ಇದೆ. ಮೂರೂ ಎಫ್‌ಎಫ್ ಅಥವಾ ಮೂರೂ 00 ಬಂದರೆ ಕೋಡ್ ಕೆದಕಬೇಡಿ, ಮೊದಲು ಪವರ್, ಸಿಎಸ್, ಹೋಲ್ಡ್ ಮೇಲೆ ಮೀಟರ್ ಇಡಿ.

ಇಇಪ್ರಾಮ್‌ಗೆ ಐ2ಸಿ ಎಂಬ ಇನ್ನೊಂದು ಬಸ್ಸಿನ ಎರಡು ತಂತಿ (ಡೇಟಾಗೆ ಎಸ್‌ಡಿಎ, ಕ್ಲಾಕ್‌ಗೆ ಎಸ್‌ಸಿಎಲ್), ಎರಡಕ್ಕೂ 4.7ಕೆ ಪುಲ್‌ಅಪ್, ಅಂದರೆ 3.3ಕ್ಕೆ ಎಳೆಯುವ ರೆಸಿಸ್ಟರ್. ವಿಳಾಸದ ಪಿನ್‌ಗಳಾದ ಎ0, ಎ1, ಎ2 ಮೂರನ್ನೂ ಗ್ರೌಂಡ್‌ಗೆ ಕೊಟ್ಟರೆ ವಿಳಾಸ ಹೆಕ್ಸ್ 50. ಡಬ್ಲ್ಯೂಪಿ ಪಿನ್ನನ್ನು ಜಾಸ್ತಿ ಜನ ಸುಮ್ನೆ ಗ್ರೌಂಡ್ ಮಾಡುತ್ತಾರೆ. ನಾನು ಪುಲ್‌ಅಪ್ ಹಾಕಿ ಕಂಟ್ರೋಲರ್‌ನ ಒಂದು ಪಿನ್‌ಗೆ ಕೊಟ್ಟೆ. ಕೋಡ್ ಆ ಪಿನ್ನನ್ನು ಇಳಿಸಿದಾಗ ಮಾತ್ರ ಬರೆಯಲು ಸಾಧ್ಯ, ಉಳಿದ ಹೊತ್ತು ಬೀಗ.

ಪೇಜ್ ಲೆಕ್ಕ ಮಾತ್ರ ಗಮನವಿಟ್ಟು ನೋಡಬೇಕು. ಇಇಪ್ರಾಮ್‌ನ ಪೇಜ್, ಅಂದರೆ ಒಂದೇ ಸಲಕ್ಕೆ ಬರೆಯಬಹುದಾದ ತುಂಡು, 64 ಬೈಟ್. 60ನೇ ವಿಳಾಸದಿಂದ 10 ಬೈಟ್ ಒಂದೇ ಸಲಕ್ಕೆ ಕಳಿಸಿದರೆ 4 ಬೈಟ್ ಸರಿಯಾಗಿ ಕೂರುತ್ತವೆ. ಉಳಿದ 6 ಮುಂದಿನ ಪೇಜ್‌ಗೆ ಹೋಗಲ್ಲ, ಅದೇ ಪೇಜಿನ ಶುರುವಿಗೆ ಬಂದು ಅಲ್ಲಿದ್ದದ್ದರ ಮೇಲೆ ಬೀಳುತ್ತವೆ. ಎರರ್ ಕೂಡ ಬರಲ್ಲ. ಹಾಗಾಗಿ ಸೆಟ್ಟಿಂಗ್ ಎಲ್ಲವನ್ನೂ ಒಂದೇ ಪೇಜಿನಲ್ಲಿ ಹಿಡಿಸಿದೆ: ವರ್ಷನ್, ಕೌಂಟರ್, ಮೌಲ್ಯಗಳು, ಕೊನೆಗೆ ಸಿಆರ್‌ಸಿ (ಡೇಟಾ ಕೆಟ್ಟಿಲ್ಲವೆಂದು ನೋಡುವ ತಾಳೆ ಸಂಖ್ಯೆ). ಇಂಥ ಎರಡು ಪ್ರತಿ ಇವೆ, ಪ್ರತಿ ಸಲ ಹಳೆಯದರ ಮೇಲೆ ಬರೆಯುತ್ತೇನೆ. ಬೂಟ್ ಆದಾಗ ಸಿಆರ್‌ಸಿ ಸರಿ ಇರುವವುಗಳಲ್ಲಿ ಕೌಂಟರ್ ದೊಡ್ಡದಿರುವುದನ್ನು ತೆಗೆದುಕೊಳ್ಳುತ್ತದೆ. ಎರಡೂ ಕೆಟ್ಟಿದ್ದರೆ ಡೀಫಾಲ್ಟ್.

ಬರೆದು ಮುಗಿಯಲು ಹೆಚ್ಚೆಂದರೆ 5 ಮಿಲಿಸೆಕೆಂಡ್. ಅಷ್ಟು ಹೊತ್ತು ಡಿಲೇ ಹಾಕಿ ಕೂರುವ ಬದಲು ಚಿಪ್ಪಿನ ವಿಳಾಸ ಕಳಿಸುತ್ತಾ ಇರುತ್ತೇನೆ. ಆಕ್ (ಚಿಪ್ಪಿನ ಒಪ್ಪಿಗೆಯ ಉತ್ತರ) ಬಂತೆಂದರೆ ಕೆಲಸ ಮುಗಿದಿದೆ.

ಪರೀಕ್ಷೆಗೆ ಇನ್ನೊಂದು ಬೋರ್ಡಿನಿಂದ, ಮಾಸ್‌ಫೆಟ್ ಸ್ವಿಚ್ ಮೂಲಕ, ಬರೆಯುವ ಮಧ್ಯೆಯೇ ಪವರ್ ಕತ್ತರಿಸಿ ನೋಡಿದೆ. ಒಂದು ಪ್ರತಿ ಕೆಡುತ್ತಿತ್ತು, ಇನ್ನೊಂದು ಉಳಿಯುತ್ತಿತ್ತು. ಪವರ್ ಹೋಗದೆ ಕಂಟ್ರೋಲರ್ ಮಾತ್ರ ರೀಸೆಟ್ ಆಗುವುದು ಬೇರೆ ಕಥೆ. ಓದುವ ಮಧ್ಯೆ ಹಾಗಾದರೆ ಇಇಪ್ರಾಮ್ ಎಸ್‌ಡಿಎ ತಂತಿಯನ್ನು ಕೆಳಗೇ ಹಿಡಿದುಕೊಂಡಿರಬಹುದು, ಬಸ್ ಅಲುಗಾಡಲ್ಲ. ಅದಕ್ಕೇ ಬೂಟ್ ಕೋಡಿನ ಶುರುವಿನಲ್ಲಿ ಎಸ್‌ಸಿಎಲ್ ಮೇಲೆ 9 ಕ್ಲಾಕ್ ಕೊಟ್ಟು, ಒಂದು ಸ್ಟಾಪ್ (ಮಾತು ಮುಗಿಯಿತೆಂಬ ಸಂಕೇತ) ಕಳಿಸಿ, ಆಮೇಲೆ ಐ2ಸಿ ಆನ್ ಮಾಡುತ್ತೇನೆ.