ನೆಟ್ಟಗಾದ ಕೂದಲಿನ ಬುಡದಲ್ಲಿ ಗುಂಗುರು ಮೂಡಿದಾಗ

ನಮ್ಮ ಮನೆಯ ಹೆಣ್ಣುಮಕ್ಕಳದೆಲ್ಲ ಗುಂಗುರು ಕೂದಲು. ಅಮ್ಮನಿಂದ ನನಗೆ, ನನ್ನಿಂದ ಮಗಳಿಗೆ, ಅವಳಿಂದ ಮೊಮ್ಮಗಳಿಗೆ ಬಂದಿದೆ. ಮೊಮ್ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಪಾರ್ಲರ್‌ಗೆ ಹೋಗಿ ರೀಬಾಂಡಿಂಗ್ ಮಾಡಿಸಿಕೊಂಡು ಬಂದಳು. ಐದು ಗಂಟೆ ಕೂತಿದ್ದಳಂತೆ. ನೆಟ್ಟಗೆ ಇಳಿಬಿದ್ದ ಕೂದಲು ನೋಡಿ ಅವಳಿಗೆ ಖುಷಿಯೋ ಖುಷಿ. ಆರು ತಿಂಗಳಾಗುವಷ್ಟರಲ್ಲಿ ಬುಡದಲ್ಲಿ ಗುಂಗುರು ಎದ್ದಿತು. ಮತ್ತೆ ಹೋಗಿ ಟಚಪ್ ಮಾಡಿಸಿದಳು. ಆ ಸಲ ಕಿವಿ ಹಿಂದೆ ಚರ್ಮ ಸುಟ್ಟು ಸಿಪ್ಪೆ ಎದ್ದಿತು. ತುದಿಗಳು ಒಣ ಹುಲ್ಲಿನ ಹಾಗಾದವು. ಒಂದು ದಿನ ಬಂದು ನನ್ನ ಮುಂದೆ ಕೂತು, "ಅಜ್ಜಿ, ಸಾಕು. ನನ್ನ ಕೂದಲು ನನಗೆ ವಾಪಸ್ ಬೇಕು" ಅಂದಳು. ಅಲ್ಲಿಂದ ಮುಂದೆ ಎರಡು ವರ್ಷ ಇಬ್ಬರೂ ಸೇರಿ ಕೂದಲು ನೋಡಿಕೊಂಡೆವು. ಆಗ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಒಂದು ಮಾತು ಮನಸ್ಸಿಗೆ ತಂದುಕೊಳ್ಳಿ. ರೀಬಾಂಡಿಂಗ್ ಆದ ಕೂದಲು ಮತ್ತೆ ಗುಂಗುರಾಗುವುದಿಲ್ಲ. ಎಣ್ಣೆ ಹಾಕಿದರೂ ಇಲ್ಲ, ಸೊಪ್ಪು ಹಚ್ಚಿದರೂ ಇಲ್ಲ, ಸಾವಿರ ರೂಪಾಯಿಯ ಕ್ರೀಮ್ ತಂದರೂ ಇಲ್ಲ. ಕೂದಲಿನೊಳಗೆ ಗಂಧಕದ ಕೊಂಡಿಗಳಿರುತ್ತವೆ. ಸುರುಳಿಯ ಆಕಾರವನ್ನು ಗಟ್ಟಿಯಾಗಿ ಹಿಡಿದಿಡುವುದು ಅವೇ. ಪಾರ್ಲರ್‌ನವರು ಹಚ್ಚುವ ಮೊದಲ ಕ್ರೀಮ್ ಆ ಕೊಂಡಿಗಳನ್ನು ಬಿಡಿಸುತ್ತದೆ. ಆಮೇಲೆ ಕಾದ ಇಸ್ತ್ರಿಯಲ್ಲಿ ಎಳೆದು ನೆಟ್ಟಗೆ ಮಾಡುತ್ತಾರೆ. ಎರಡನೇ ಕ್ರೀಮ್ ಹಚ್ಚಿದಾಗ ಕೊಂಡಿಗಳು ಆ ನೆಟ್ಟನೆಯ ಆಕಾರದಲ್ಲೇ ಮತ್ತೆ ಬೀಗಿಕೊಳ್ಳುತ್ತವೆ. ಹಾಗಾಗಿ ಸುರುಳಿ ಬರುವುದು ಹೊಸದಾಗಿ ಹುಟ್ಟುವ ಕೂದಲಿನಲ್ಲಿ ಮಾತ್ರ. ಸ್ಮೂದನಿಂಗ್ ಎಂದು ಮಾಡುವುದರಲ್ಲೂ ಬಹಳಷ್ಟು ಸಲ ಇದೇ ಜಾತಿಯ ಕ್ರೀಮ್ ಇರುತ್ತದೆ. ಕೆರಾಟಿನ್ ಎಂದು ಮಾಡುವುದು ಬೇರೆ. ಅದು ಮೇಲಿನ ಲೇಪ, ಮೂರರಿಂದ ಆರು ತಿಂಗಳಲ್ಲಿ ತೊಳೆದು ಹೋಗುತ್ತದೆ. ನಿಮಗೆ ಯಾವುದು ಮಾಡಿದ್ದಾರೆ ಎಂದು ಮೊದಲು ಪಾರ್ಲರ್‌ನಲ್ಲಿ ಕೇಳಿ ತಿಳಿದುಕೊಳ್ಳಿ. ಕೆರಾಟಿನ್ ಆಗಿದ್ದರೆ ಸುಮ್ನೆ ಕಾಯ್ದರೆ ಸಾಕು.

ಮಗಳು ಅಟ್ಲಾಂಟಾದಲ್ಲಿದ್ದಾಳೆ. ನಾನು ಅಲ್ಲಿ ನಾಲ್ಕು ತಿಂಗಳಿದ್ದಾಗ ಪಕ್ಕದ ಮನೆಯ ಆಫ್ರಿಕನ್ ಅಮೆರಿಕನ್ ಹೆಂಗಸೊಬ್ಬರ ಪರಿಚಯವಾಯಿತು. ನನ್ನದೇ ವಯಸ್ಸು. ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಕೂದಲಿಗೆ ರಿಲ್ಯಾಕ್ಸರ್, ಅಂದರೆ ಗುಂಗುರು ಬಿಡಿಸಿ ನೆಟ್ಟಗೆ ಮಾಡುವ ಕ್ರೀಮ್, ಹಚ್ಚಿಸಿಕೊಂಡವರು. ಆರೆಂಟು ವಾರಕ್ಕೊಮ್ಮೆ ಬುಡಕ್ಕೆ ಹಚ್ಚಲೇಬೇಕಿತ್ತಂತೆ. ಐವತ್ತು ದಾಟಿದ ಮೇಲೆ ಬಿಟ್ಟರು. ನಮ್ಮಲ್ಲಿ ಈಗ ಹುಡುಗಿಯರು ಪಡುತ್ತಿರುವ ಪಾಡನ್ನು ಅವರ ಕಡೆಯವರು ಎಷ್ಟೋ ಮೊದಲೇ ಪಟ್ಟಿದ್ದಾರೆ, ದಾರಿಯನ್ನೂ ಕಂಡುಕೊಂಡಿದ್ದಾರೆ. ಮುಂದೆ ಹೇಳುವುದರಲ್ಲಿ ಅರ್ಧ ಅವರು ಹೇಳಿಕೊಟ್ಟದ್ದು. ಅಲ್ಲಿ ಇರುವ ನಮ್ಮ ಹುಡುಗಿಯರಿಗೆ ಒಂದು ಎಚ್ಚರಿಕೆ. ಅಲ್ಲಿನ ರಿಲ್ಯಾಕ್ಸರ್‌ನಲ್ಲಿ ಹೆಚ್ಚಾಗಿ ಇರುವುದು ಕಾಸ್ಟಿಕ್ ಸೋಡಾದಂಥ ಕ್ಷಾರ. ಇಲ್ಲಿನ ರೀಬಾಂಡಿಂಗ್ ಕ್ರೀಮ್‌ನದ್ದು ಬೇರೆ ರಾಸಾಯನಿಕ. ಒಂದರ ಮೇಲೆ ಇನ್ನೊಂದು ಹಚ್ಚಿದರೆ ಕೂದಲು ಕೈಗೇ ಬರುತ್ತದೆ. 2022ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧಕರು 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನ ಹೊರಬಂತು. ಕೂದಲು ನೆಟ್ಟಗೆ ಮಾಡುವ ಇಂಥವನ್ನು ವರ್ಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಬಳಸುತ್ತಿದ್ದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗಿಂತ ಹೆಚ್ಚು ಕಂಡಿತ್ತು. ಅದರಿಂದಲೇ ಬಂತು ಎಂದು ಅವರು ಖಚಿತವಾಗಿ ಹೇಳಲಿಲ್ಲ. ಆದರೂ ಮಗಳು ಅದನ್ನು ಓದಿ ಹೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಕೂದಲಿನ ವಿಷಯಕ್ಕೆ ಬರೋಣ. ಬೆಳಕಿಗೆ ನಿಂತು ಒಂದೇ ಒಂದು ಎಳೆ ಹಿಡಿದು ನೋಡಿ. ಬುಡದಿಂದ ಸ್ವಲ್ಪ ದೂರ ಸುರುಳಿ ಸುರುಳಿಯಾಗಿ ಬಂದು, ಒಂದು ಕಡೆ ತಟ್ಟನೆ ನೆಟ್ಟಗಾಗುತ್ತದೆ. ಆ ಸೇರುವ ಜಾಗವೇ ಎಲ್ಲಕ್ಕಿಂತ ನಾಜೂಕು. ಮೇಲಿನದು ಗಟ್ಟಿ, ಕೆಳಗಿನದು ಸೊರಗಿದ್ದು. ಜಗ್ಗಿದರೆ ಅಲ್ಲೇ ತುಂಡಾಗುತ್ತದೆ. ಎರಡು ವರ್ಷ ನೀವು ಕಾಯಬೇಕಾದದ್ದು ಆ ಒಂದು ಜಾಗವನ್ನು. ಉಳಿದದ್ದೆಲ್ಲ ತಾನಾಗಿ ಆಗುತ್ತದೆ.

ಬಾಚಣಿಗೆಯಲ್ಲಿ ಕೂದಲು ಬಂತು ಎಂದು ಮೊಮ್ಮಗಳು ದಿನಾ ಅಳುತ್ತಿದ್ದಳು. ಅವಳನ್ನು ಕಿಟಕಿ ಹತ್ತಿರ ಕೂರಿಸಿ, ಒಂದು ಬಿಳಿ ಕಾಗದದ ಮೇಲೆ ಆ ಕೂದಲುಗಳನ್ನು ಹರಡಿದೆ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇದ್ದರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಹಾಗೆ ಉದುರುತ್ತದೆ, ಗಾಬರಿ ಬೇಡ. ಚುಕ್ಕೆ ಇಲ್ಲದೆ ಎರಡೂ ಕಡೆ ಮೋಟಾಗಿದ್ದರೆ ಅದು ನಡುವೆ ಮುರಿದದ್ದು. ಮುರಿದದ್ದೇ ಜಾಸ್ತಿ ಇದ್ದರೆ ಬಾಚುವ ರೀತಿ ಬದಲಾಗಬೇಕು. ಚುಕ್ಕೆ ಇರುವ ಕೂದಲೇ ಹಿಡಿ ಹಿಡಿ ಬರುತ್ತಿದ್ದರೆ, ತಲೆಯಲ್ಲಿ ಬೋಳು ಕಲೆ ಕಂಡರೆ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಡೆಂಗ್ಯೂ ಜ್ವರ ಬಂದು ಹೋದ ಮೇಲೆ, ಬಾಣಂತನ ಕಳೆದ ಮೇಲೆ ಎರಡು ಮೂರು ತಿಂಗಳಿಗೆ ಹೀಗೆ ಉದುರುವುದುಂಟು.

ಬಾಚುವ ರೀತಿ ಹೇಳುತ್ತೇನೆ ಕೇಳಿ. ಸೀರಣಿಗೆ ಮುಟ್ಟಲೇಬೇಡಿ. ಹಲ್ಲುಗಳ ನಡುವೆ ಬೆರಳು ತೂರುವಷ್ಟು ಅಗಲ ಇರುವ ಬಾಚಣಿಗೆ ತನ್ನಿ. ಒಣ ಕೂದಲನ್ನು ಬಾಚಬೇಡಿ. ತಲೆ ತೊಳೆದು ಕಂಡಿಷನರ್ ಹಚ್ಚಿ, ಕೂದಲು ಲೋಳೆ ಲೋಳೆಯಾಗಿರುವಾಗಲೇ ಸಿಕ್ಕು ಬಿಡಿಸಿ. ಕೂದಲನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿಕೊಳ್ಳಿ. ಒಂದು ಪಾಲು ಬಿಚ್ಚಿ, ಗುಂಗುರು ನೆಟ್ಟಗಾಗುವ ಜಾಗದ ಸ್ವಲ್ಪ ಮೇಲೆ ಎಡಗೈಯ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಬಾಚಣಿಗೆಯ ಜಗ್ಗಾಟವೆಲ್ಲ ಆ ಮುಷ್ಟಿಗೆ ಬರಬೇಕು, ಮೇಲಕ್ಕೆ ಹೋಗಬಾರದು. ತುದಿಯಿಂದ ಶುರು ಮಾಡಿ, ನಾಲ್ಕು ಬೆರಳಿನಷ್ಟು ಬಿಡಿಸಿದ ಮೇಲೆ ಮೇಲೆ ಬನ್ನಿ. ಗಂಟು ಸಿಕ್ಕಿದರೆ ಬಾಚಣಿಗೆ ಕೆಳಗಿಟ್ಟು ಬೆರಳಲ್ಲಿ ಬಿಡಿಸಿ. ಆ ಜಾಗ ದಾಟಿ ಮೇಲೆ ಹೋಗುವಾಗ ಇನ್ನೂ ನಿಧಾನ. ಮೊಮ್ಮಗಳಿಗೆ ಮೊದಮೊದಲು 40 ನಿಮಿಷ ಹಿಡಿಯುತ್ತಿತ್ತು. ಆಮೇಲೆ 15 ನಿಮಿಷಕ್ಕೆ ಇಳಿಯಿತು. ಅವಸರ ಇರುವ ದಿನ ಸಿಕ್ಕು ಬಿಡಿಸಲು ಹೋಗಲೇಬೇಡಿ.

ತಲೆಗೆ ನೀರು ವಾರಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ ಸಾಕು. ಅದಕ್ಕೆ ಎರಡು ಗಂಟೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ. ಒಲೆ ಮೇಲೆ ಕಾಯಿಸಬೇಡಿ, ಬಿಸಿ ನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಬೆಚ್ಚಗೆ ಮಾಡಿ. ಎರಡು ಮೂರು ಚಮಚ ಸಾಕು. ನೆತ್ತಿಗೆ ಸ್ವಲ್ಪ, ಉಳಿದದ್ದೆಲ್ಲ ಉದ್ದಕ್ಕೆ. ನಮ್ಮ ಅಮ್ಮಂದಿರಿಗೆ ಗೊತ್ತಿದ್ದದ್ದನ್ನೇ 2003ರಲ್ಲಿ ಮುಂಬೈಯ ಸಂಶೋಧಕರು ತೋರಿಸಿಕೊಟ್ಟರು. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ, ತೊಳೆಯುವಾಗ ಕೂದಲಿನ ಪ್ರೊಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಹಚ್ಚಿದಾಗ ಆ ಗುಣ ಕಾಣಲಿಲ್ಲ. ಆದರೆ ಎಣ್ಣೆ ಹಚ್ಚಿ ಮೂರು ದಿನ ಬಿಡುವ ಅಭ್ಯಾಸ ಬೇಡ. ಆಮೇಲೆ ಅದನ್ನು ತೆಗೆಯಲು ಎರಡು ಸಲ ಶಾಂಪೂ ಹಾಕಿ ಉಜ್ಜಬೇಕಾಗುತ್ತದೆ.

ಸೀಗೆಕಾಯಿ, ಅಂಟುವಾಳ ನನಗೆ ಪ್ರೀತಿ. ಆದರೂ ಈ ಎರಡು ವರ್ಷ ಬೇಡ ಎನ್ನುತ್ತೇನೆ. ರಾಸಾಯನಿಕ ಕಂಡ ಕೂದಲಿಗೆ ಅವು ತೀರಾ ಒರಟು, ಪುಡಿಯೂ ಸಿಕ್ಕಿನೊಳಗೆ ಕೂತುಬಿಡುತ್ತದೆ. ದಾಸವಾಳದ ಎಲೆ ಒಳ್ಳೆಯದು. ಅದರ ಲೋಳೆಗೆ ಕರಾವಳಿ ಕಡೆ ಗೊಂಪು ಅಂತಾರಲ್ಲ, ಅದೇ. ಎರಡು ಹಿಡಿ ಎಲೆ ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಆ ಲೋಳೆಯನ್ನು ಕಂಡಿಷನರ್ ಹಾಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸೋಸದೆ ಹಚ್ಚಿದರೆ ಎಲೆಯ ಚೂರು ತೆಗೆಯುವುದರಲ್ಲೇ ಅರ್ಧ ಕೂದಲು ಹೋಗುತ್ತದೆ. ಶಾಂಪೂ ಸೌಮ್ಯವಾಗಿರಲಿ, ನೆತ್ತಿಗೆ ಮಾತ್ರ ಹಾಕಿ. ಕೆಳಗೆ ಇಳಿಯುವ ನೊರೆಯೇ ತುದಿಗೆ ಸಾಕು. ಮೊಟ್ಟೆ, ನಿಂಬೆಹಣ್ಣು, ಅಡುಗೆ ಸೋಡಾ ಯಾವುದೂ ಬೇಡ.

ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಬೋರ್‌ವೆಲ್ ನೀರು. ಬಕೆಟ್ ಒಳಗೆ ಬಿಳಿ ಪಟ್ಟೆ ಕಟ್ಟುತ್ತದೆ ಎಂದರೆ ನಿಮ್ಮ ತಲೆಯ ಮೇಲೂ ಅದೇ ಕೂರುತ್ತದೆ ಎಂದು ತಿಳಿಯಿರಿ. ಎಲ್ಲ ನೀರನ್ನೂ ಬದಲಿಸುವುದು ಆಗದ ಮಾತು. ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ನೀರಿನದ್ದಾಗಿರಲಿ. ಒಂದು ಲೀಟರಿಗೆ ಒಂದು ಚಮಚ ವಿನೆಗರ್ ಬೆರೆಸಿ ಸುರಿದುಕೊಳ್ಳಿ. ಕೂದಲು ಜಾರುವುದು ಕೈಗೇ ಗೊತ್ತಾಗುತ್ತದೆ.

ಟರ್ಕಿ ಟವೆಲ್‌ನಲ್ಲಿ ತಿಕ್ಕಬೇಡಿ. ತಾತನ ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿ ಹಿಂಡಿ ನೀರು ತೆಗೆಯಿರಿ. ಹಳೆಯ ರೇಷ್ಮೆ ಸೀರೆಯ ಒಳ್ಳೆಯ ಭಾಗ ಕತ್ತರಿಸಿ ದಿಂಬಿಗೆ ಕವರ್ ಹೊಲಿಸಿ. ಜರಿ ಇಲ್ಲದ ಭಾಗ ಇರಲಿ. ಹತ್ತಿಯ ದಿಂಬಿನ ಮೇಲೆ ಹೊರಳಾಡಿದಷ್ಟೂ ಕೂದಲು ಸವೆಯುತ್ತದೆ.

ಇನ್ನು ಅಲಂಕಾರ. ಬುಡ ಗುಂಗುರು, ತುದಿ ನೆಟ್ಟಗೆ ಇದ್ದರೆ ಹೊರಗೆ ಹೋಗಲು ಹುಡುಗಿಯರಿಗೆ ಮುಜುಗರ. ಆಗ ಎಲ್ಲರೂ ಮಾಡುವ ತಪ್ಪು, ಬುಡಕ್ಕೆ ಇಸ್ತ್ರಿ ಹಿಡಿದು ತುದಿಗೆ ಹೊಂದಿಸುವುದು. ದಯವಿಟ್ಟು ಮಾಡಬೇಡಿ. ದಿನಾ ಆ ಬಿಸಿ ತಾಗಿದರೆ ಹೊಸ ಸುರುಳಿಯೂ ಹಾಳಾಗುತ್ತದೆ, ಮತ್ತೆ ಮೊದಲಿನಿಂದ ಕಾಯಬೇಕು. ಇದನ್ನು ತಿರುಗಿಸಿ. ನೆಟ್ಟನೆಯ ತುದಿಯನ್ನು ಸುತ್ತಿ, ಬುಡದ ಗುಂಗುರಿಗೆ ಹೊಂದಿಸಿ.

ಅದಕ್ಕೆ ಅಗಸೆ ಬೀಜದ ಲೋಳೆ ಬೇಕು. ಉತ್ತರ ಕರ್ನಾಟಕದವರ ಮನೆಯಲ್ಲಿ ಚಟ್ನಿಪುಡಿಗೆ ಇದ್ದೇ ಇರುತ್ತದೆ. ಕಾಲು ಬಟ್ಟಲು ಬೀಜಕ್ಕೆ ಎರಡು ಬಟ್ಟಲು ನೀರು ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಏಳೆಂಟು ನಿಮಿಷಕ್ಕೆ ನೊರೆ ಏಳುತ್ತದೆ. ಸೌಟು ಎತ್ತಿದಾಗ ಮೊಟ್ಟೆಯ ಬಿಳಿಯ ಹಾಗೆ ದಾರ ದಾರವಾಗಿ ಇಳಿದರೆ ತಕ್ಷಣ ಇಳಿಸಿ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಬೀಜದಿಂದ ಬಿಡುವುದೇ ಇಲ್ಲ. ನಾನು ಮೊದಲ ಸಲ ಫೋನ್ ಬಂತೆಂದು ಬಿಟ್ಟು ಹೋಗಿ, ಪಾತ್ರೆ ಪೂರ್ತಿ ಅಂಟು ಮುದ್ದೆಯಾಗಿತ್ತು. ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬರುತ್ತದೆ. ವಾಸನೆ ಬದಲಾದರೆ ಚೆಲ್ಲಿ.

ಹಳೆಯ ವಾಯಿಲ್ ಸೀರೆಯಿಂದ ಮೂರು ಬೆರಳು ಅಗಲ, ಒಂದು ಗೇಣು ಉದ್ದದ 16 ಪಟ್ಟಿ ಹರಿದುಕೊಳ್ಳಿ. ರಾತ್ರಿ ಕೂದಲು ಮುಕ್ಕಾಲು ಒಣಗಿರುವಾಗ ಲೋಳೆ ಸವರಿ, ಒಂದೊಂದು ಎಳೆಯ ತುದಿಯನ್ನು ಪಟ್ಟಿಯ ನಡುವೆ ಇಟ್ಟು ಮೇಲಕ್ಕೆ ಸುತ್ತುತ್ತಾ ಬನ್ನಿ. ಗುಂಗುರು ಶುರುವಾಗುವ ಕಡೆ ನಿಲ್ಲಿಸಿ ಸಡಿಲವಾಗಿ ಗಂಟು ಹಾಕಿ. ನೆತ್ತಿಯವರೆಗೆ ಬಿಗಿದರೆ ರಾತ್ರಿಯೆಲ್ಲ ತಲೆನೋವು. ಬೆಳಿಗ್ಗೆ ಪೂರ್ತಿ ಒಣಗಿದೆಯೇ ಎಂದು ಮುಟ್ಟಿ ನೋಡಿ, ಬೆರಳಿಗೆ ಎರಡು ಹನಿ ಎಣ್ಣೆ ಹಚ್ಚಿಕೊಂಡು ಬಿಚ್ಚಿ. ಬಾಚಬೇಡಿ, ಬೆರಳಲ್ಲಿ ಬಿಡಿಸಿದರೆ ಸಾಕು. ಮೂರು ದಿನ ನಿಲ್ಲುತ್ತದೆ. ಅಷ್ಟು ತಾಳ್ಮೆ ಇಲ್ಲದ ದಿನ ಎರಡು ಜಡೆ ಹಾಕಿ ಮಲಗಿ. ಆದರೆ ಜಡೆಯ ತುದಿಯನ್ನು ಒಂದು ಪಟ್ಟಿಯಲ್ಲಿ ಸುತ್ತಿ ಕಟ್ಟಿ. ಇಲ್ಲದಿದ್ದರೆ ಬೆಳಿಗ್ಗೆ ಮೇಲೆಲ್ಲ ಅಲೆ ಅಲೆ, ತುದಿ ಪೊರಕೆ.

ದಿನದ ಮಟ್ಟಿಗೆ ಕತ್ತಿನ ಹತ್ತಿರ ಸಡಿಲವಾದ ತುರುಬು ಒಳ್ಳೆಯದು. ಬರಿ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ಹಾಕಿ. ತುರುಬಿನ ಜಾಗವನ್ನು ಆಗಾಗ ಬದಲಿಸುತ್ತಿರಿ. ಮದುವೆ ಮನೆಯಲ್ಲಿ ಮೊಗ್ಗಿನ ಜಡೆ ಹಾಕಬೇಕು ಎಂದು ಆಸೆ ಇರುತ್ತದೆ. ಚೌರಿ, ಮೊಗ್ಗು, ಜಡೆಬಿಲ್ಲೆ ಎಲ್ಲ ಸೇರಿದರೆ ಭಾರ ಬೀಳುವುದು ಅದೇ ನಾಜೂಕು ಜಾಗಕ್ಕೆ. ಮೊಮ್ಮಗಳು ಅಕ್ಕನ ಮದುವೆಗೆ ತುರುಬು ಕಟ್ಟಿ, ಸುತ್ತ ಮೈಸೂರು ಮಲ್ಲಿಗೆ ಮುಡಿದಳು. ಹಣೆಯ ಮೇಲೆ ಸಣ್ಣ ಸಣ್ಣ ಗುಂಗುರು ತಾನಾಗಿ ಇಳಿದಿತ್ತು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳು ಅಂದರೆ ಅವಳ ಅಮ್ಮ ದೃಷ್ಟಿ ತೆಗೆದಳು.

ಕತ್ತರಿಸುವುದನ್ನು ಕೊನೆಗೆ ಇಟ್ಟಿದ್ದೇನೆ. ಧೈರ್ಯ ಇದ್ದವರು ನೆಟ್ಟನೆಯ ಭಾಗವನ್ನು ಒಂದೇ ದಿನ ಕತ್ತರಿಸಿ ಮುಗಿಸಬಹುದು. ಅಟ್ಲಾಂಟಾದ ಆ ಗೆಳತಿ ಹಾಗೇ ಮಾಡಿದ್ದರು. ಮೊಮ್ಮಗಳಿಗೆ ಅಷ್ಟು ಗಿಡ್ಡ ಬೇಡವಾಗಿತ್ತು. ಅದರಲ್ಲಿ ತಪ್ಪೇನಿಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್, ಕೆಲವರಿಗೆ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಎರಡು ತಿಂಗಳಿಗೊಮ್ಮೆ ಎರಡು ಸೆಂಟಿಮೀಟರ್ ತುದಿ ಕತ್ತರಿಸುತ್ತಾ ಬಂದರೆ ಉದ್ದ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಳಗಿಂದೊಳಗೆ ನೆಟ್ಟನೆಯದು ಹೋಗಿ ಗುಂಗುರು ತುಂಬಿಕೊಳ್ಳುತ್ತದೆ. ಯಾರಿಗೂ ಗೊತ್ತೂ ಆಗುವುದಿಲ್ಲ.

ಎಂಟನೇ ತಿಂಗಳ ಹೊತ್ತಿಗೆ ಅವಳಿಗೆ ಬೇಸರ ಬಂತು. "ಅಜ್ಜಿ, ಬೆಳೆಯುತ್ತಲೇ ಇಲ್ಲ" ಅಂದಳು. ಗುಂಗುರು ಕೂದಲು ಮೇಲಕ್ಕೆ ಸುತ್ತಿಕೊಳ್ಳುವುದರಿಂದ ಹಾಗೆ ಅನಿಸುತ್ತದೆ. ಹೊಲಿಗೆ ಡಬ್ಬದಿಂದ ಟೇಪು ತಂದು, ಕಿವಿಯ ಮೇಲಿನ ಒಂದು ಸುರುಳಿಯನ್ನು ಮೆಲ್ಲಗೆ ಎಳೆದು ಹಿಡಿದು ಗುಂಗುರಿನಷ್ಟನ್ನೇ ಅಳೆದೆ. 9 ಸೆಂಟಿಮೀಟರ್. ಬಿಟ್ಟಾಗ 5. ಅದನ್ನು ಕ್ಯಾಲೆಂಡರ್ ಮೇಲೆ ಬರೆದೆವು. ಆಮೇಲೆ ಪ್ರತಿ ಯುಗಾದಿ, ಗೌರಿ ಹಬ್ಬ, ದೀಪಾವಳಿಗೆ ಅದೇ ಜಾಗದಲ್ಲಿ ಅಳೆಯುವುದು ರೂಢಿಯಾಯಿತು. ನೀವೂ ಹಾಗೆ ಬರೆದಿಡಿ. ಕನ್ನಡಿ ನೋಡಿ ಅಂದಾಜು ಮಾಡಬೇಡಿ.

ಕೊನೆಯ ನೆಟ್ಟನೆಯ ತುದಿಗಳನ್ನು ನಾನೇ ಹಿತ್ತಲಲ್ಲಿ ಸ್ಟೂಲ್ ಹಾಕಿ ಕೂರಿಸಿ ಕತ್ತರಿಸಿದೆ. ಒಣಗಿದ ಕೂದಲು, ಒಂದೊಂದೇ ಸುರುಳಿ ಹಿಡಿದು. ಒದ್ದೆಯಿರುವಾಗ ಕತ್ತರಿಸಿದರೆ ಒಣಗಿದ ಮೇಲೆ ಎಲ್ಲಿಗೆ ಏರುತ್ತದೆ ಎಂದು ತಿಳಿಯುವುದಿಲ್ಲ. ಮುಗಿದ ಮೇಲೆ ಅವಳೇ ಹೋಗಿ ಟೇಪು ತಂದಳು. ಎಳೆದು ಹಿಡಿದರೆ 26 ಸೆಂಟಿಮೀಟರ್, ಬಿಟ್ಟರೆ 17.