ಫೀಸು ಕಟ್ಟಿದ್ದಾಯ್ತು, ಇನ್ನು ಸೌಲಭ್ಯ ಬಳಸಿ

ಹಾಸನದ ಹೇಮಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಆಮೇಲೆ ಹಾಸನ ವಿಶ್ವವಿದ್ಯಾಲಯದ ಕ್ಯಾಂಪಸ್ ಆಯಿತು. ಆಲೂರು, ಬೇಲೂರು, ಅರಸೀಕೆರೆ ಕಡೆಯಿಂದ ದಿನಾ ಬಸ್ಸು ಹತ್ತಿ ಹಾಸನಕ್ಕೆ ಓದಲು ಬರುವವರು ಬಹಳ ಜನ. ಕ್ಲಾಸ್ ಮುಗಿಯುತ್ತಿದ್ದ ಹಾಗೆ ಬಸ್ ಹಿಡಿಯುವ ಗಡಿಬಿಡಿ. ಹೀಗಾಗಿ ಕೋರ್ಸ್ ಮುಗಿದರೂ ಕ್ಯಾಂಪಸ್‌ನ ಅರ್ಧ ಬಾಗಿಲುಗಳ ಒಳಗೆ ಏನಿದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಫೀಸಿನ ರಸೀದಿಯನ್ನೊಮ್ಮೆ ಸರಿಯಾಗಿ ನೋಡಿ. ಗ್ರಂಥಾಲಯ ಶುಲ್ಕ ಅಂತ ಒಂದು ಸಾಲು ಇರುತ್ತದೆ, ಅಲ್ವಾ? ದುಡ್ಡು ಕೊಟ್ಟಾಗಿದೆ. ಆದರೆ ಬಳಸಿ ಅಂತ ಯಾರೂ ಕರೆದು ಹೇಳುವುದಿಲ್ಲ, ನಾವೇ ಹೋಗಿ ಕೇಳಬೇಕು. ಪರೀಕ್ಷೆ ಹತ್ತಿರ ಬಂದಾಗಲ್ಲ, ಮೊದಲ ತಿಂಗಳಲ್ಲೇ.

ಗ್ರಂಥಾಲಯದಿಂದ ಶುರು ಮಾಡಿ

ಐಡಿ ಕಾರ್ಡ್ ಕೈಗೆ ಬಂದ ದಿನವೇ ಗ್ರಂಥಾಲಯದ ಕಾರ್ಡ್‌ಗೂ ಅರ್ಜಿ ಕೊಡಿ. ಒಂದು ಫೋಟೊ, ಪ್ರವೇಶದ ರಸೀದಿ ಜೊತೆಗಿರಲಿ. ಎಷ್ಟು ಪುಸ್ತಕ ಕೊಡುತ್ತಾರೆ, ಎಷ್ಟು ದಿನಕ್ಕೆ, ತಡವಾದರೆ ದಂಡ ಎಷ್ಟು ಎನ್ನುವುದನ್ನು ಅಲ್ಲೇ ಕೇಳಿಕೊಳ್ಳಿ. ಕೋರ್ಸ್ ಮುಗಿಸಿ ಟಿಸಿ ತೆಗೆದುಕೊಳ್ಳುವಾಗ ಗ್ರಂಥಾಲಯದಿಂದ 'ನೋ ಡ್ಯೂ', ಅಂದರೆ ಬಾಕಿ ಏನೂ ಇಲ್ಲ ಎನ್ನುವ ಸಹಿ ಬೇಕಾಗುತ್ತದೆ. ಗೆಳೆಯನಿಗಾಗಿ ನಿಮ್ಮ ಕಾರ್ಡ್‌ನಲ್ಲಿ ಪುಸ್ತಕ ತೆಗೆದುಕೊಡುವ ಮುಂಚೆ ಇದು ನೆನಪಿರಲಿ.

ಪುಸ್ತಕ ಹುಡುಕುವುದು ಹೇಗೆ? ಬಹಳ ಜನ ಕೌಂಟರ್ ಹತ್ತಿರ ನಿಂತು 'ಸರ್, ಎಕನಾಮಿಕ್ಸ್ ಪುಸ್ತಕ ಎಲ್ಲಿದೆ' ಅಂತ ಕೇಳಿ, ಕೈ ತೋರಿಸಿದ ಕಡೆ ಹೋಗಿ, ಸಿಗದೆ ವಾಪಸ್ ಬರುತ್ತಾರೆ. ಅದರ ಬದಲು ಕಂಪ್ಯೂಟರ್‌ನಲ್ಲಿರುವ ಕ್ಯಾಟಲಾಗ್ ನೋಡಿ. ಅದನ್ನು ಓಪ್ಯಾಕ್ ಅನ್ನುತ್ತಾರೆ. ಕನ್ನಡ ಪುಸ್ತಕ ಹುಡುಕುವಾಗ ಒಂದು ತೊಡಕಿದೆ. ಕೆಲವು ಕಡೆ ಹೆಸರನ್ನು ಕನ್ನಡ ಲಿಪಿಯಲ್ಲೇ ಹಾಕಿರುತ್ತಾರೆ, ಕೆಲವು ಕಡೆ ಇಂಗ್ಲಿಷ್ ಅಕ್ಷರದಲ್ಲಿ. 'ಚರಿತ್ರೆ' ಅನ್ನೋದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಹಾಗಾಗಿ ಒಂದು ಸಲಕ್ಕೆ ಸಿಗಲಿಲ್ಲ ಅಂತ ಕೈಬಿಡಬೇಡಿ. ಲೇಖಕರ ಹೆಸರು ಹಾಕಿ ಹುಡುಕಿ, ಅದೇ ಸುಲಭ.

ಪುಸ್ತಕ ಸಿಕ್ಕಿದರೆ ಪಕ್ಕದಲ್ಲೊಂದು ನಂಬರ್ ಕಾಣುತ್ತದೆ. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲೂ ಅದೇ ನಂಬರ್ ಇರುತ್ತದೆ. ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿ ಬಳಸುವ ಗ್ರಂಥಾಲಯವಾದರೆ ಅರ್ಥಶಾಸ್ತ್ರ 330, ರಸಾಯನಶಾಸ್ತ್ರ 540, ಕನ್ನಡ ಸಾಹಿತ್ಯ 894.814. ನಿಮ್ಮ ವಿಷಯದ ನಂಬರ್ ಒಂದು ಸಲ ತಲೆಯಲ್ಲಿ ಕೂತರೆ ಸೀದಾ ಆ ಕಪಾಟಿಗೇ ಹೋಗಬಹುದು. ಅಲ್ಲಿ ಬೇಕಾದ ಪುಸ್ತಕ ಇಲ್ಲದಿದ್ದರೂ ಅಕ್ಕಪಕ್ಕದ್ದನ್ನು ತೆಗೆದು ನೋಡಿ. ಸಿಲಬಸ್ ಪಟ್ಟಿಯಲ್ಲಿ ಇಲ್ಲದ ಒಳ್ಳೆಯ ಪುಸ್ತಕಗಳು ಹೆಚ್ಚಾಗಿ ಸಿಗುವುದು ಹೀಗೇ.

ಇನ್ನೆರಡು ವಿಷಯ ಕೇಳಲು ಮರೆಯಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳು ಎಲ್ಲಿವೆ? ಕೆಲವೊಮ್ಮೆ ಅವು ಗ್ರಂಥಾಲಯದಲ್ಲಲ್ಲ, ವಿಭಾಗದ ಕಪಾಟಿನಲ್ಲಿರುತ್ತವೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಬುಕ್ ಬ್ಯಾಂಕ್ ಇದೆಯಾ? ಇದ್ದರೆ ಪಠ್ಯಪುಸ್ತಕಗಳನ್ನು ಹೆಚ್ಚು ದಿನ ಇಟ್ಟುಕೊಂಡು ಓದಬಹುದು. ಇರುವುದು ಕೆಲವೇ ಪ್ರತಿ, ಹಾಗಾಗಿ ಬೇಗ ಹೋಗಿ.

ಮನೆಯಲ್ಲಿ ಕೂತು ಓದಲು

ದಿನಾ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇದು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಿಗೆ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇ-ಪುಸ್ತಕ, ಜರ್ನಲ್ (ಸಂಶೋಧನಾ ಪತ್ರಿಕೆ) ಆನ್‌ಲೈನ್‌ನಲ್ಲಿ ಓದಲು ಕೊಡುವ ಎನ್-ಲಿಸ್ಟ್ ಎಂಬ ವ್ಯವಸ್ಥೆ ನಡೆಸುತ್ತದೆ. ನಿಮ್ಮ ಕಾಲೇಜು ಸದಸ್ಯತ್ವ ಪಡೆದಿದ್ದರೆ ಗ್ರಂಥಪಾಲಕರೇ ನಿಮಗೊಂದು ಲಾಗಿನ್ ಮಾಡಿಕೊಡುತ್ತಾರೆ. ಇ-ಮೇಲ್ ವಿಳಾಸ ಬರೆದುಕೊಟ್ಟರೆ ಸಾಕು. ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಕೂಡ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಲ್ಲಿವೆ. ಕ್ಯಾಂಪಸ್ ವೈಫೈನಲ್ಲಿ ತೆರೆಯುವ ಲೇಖನ ಮನೆಯ ಮೊಬೈಲ್‌ನಲ್ಲಿ ತೆರೆಯದಿದ್ದರೆ ಗಾಬರಿ ಬೇಡ. ಹೊರಗಿನಿಂದ ನೋಡಲು ಬೇರೆ ಲಾಗಿನ್ ಬೇಕು. ಅದನ್ನೂ ಗ್ರಂಥಪಾಲಕರನ್ನೇ ಕೇಳಿ.

ಯಾವ ಲಾಗಿನ್ನೂ ಇಲ್ಲದೆ ಸಿಗುವುದು ಶೋಧಗಂಗಾ. ದೇಶದ ಪಿಎಚ್‌.ಡಿ ಪ್ರಬಂಧಗಳ ಭಂಡಾರ ಅದು. ಹೊಯ್ಸಳ ದೇವಾಲಯಗಳ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೀರಾ? ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನು ಎತ್ತಿ ಹಾಕುವ ಬದಲು ಅಲ್ಲಿರುವ ಪ್ರಬಂಧವೊಂದರ ಕೊನೆಯ ಗ್ರಂಥಸೂಚಿ ನೋಡಿ. ಯಾವ ಶಾಸನ, ಯಾವ ಪುಸ್ತಕ ಓದಬೇಕು ಅಂತ ಅಲ್ಲೇ ದಾರಿ ಸಿಗುತ್ತದೆ. ಕದಿಯಲು ಮಾತ್ರ ಹೋಗಬೇಡಿ. ನಕಲು ಪತ್ತೆ ಮಾಡುವ ಸಾಫ್ಟ್‌ವೇರ್ ಈಗ ವಿಶ್ವವಿದ್ಯಾಲಯಗಳಲ್ಲಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಪ್ರಬಂಧದ ಹೋಲಿಕೆ 10% ದಾಟಿದರೆ ತೊಂದರೆ ಶುರು.

ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಕೋರ್ಸುಗಳ ಬಗ್ಗೆ ಒಂದೇ ಮಾತು. ಕಲಿಯುವುದು ಉಚಿತ, ಸರ್ಟಿಫಿಕೇಟ್ ಪರೀಕ್ಷೆಗೆ ಶುಲ್ಕವಿದೆ. ಯುಜಿಸಿಯ 2021ರ ನಿಯಮ 40% ಕ್ರೆಡಿಟ್‌ವರೆಗೆ ಇದರಿಂದ ಪಡೆಯಲು ಅವಕಾಶ ಕೊಟ್ಟಿದೆ. ಆದರೆ ನಿಮ್ಮ ವಿಭಾಗ ಒಪ್ಪಬೇಕಲ್ಲ! ಸೇರುವ ಮುಂಚೆಯೇ ಮುಖ್ಯಸ್ಥರನ್ನು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ವಿಭಾಗದ ಪತ್ರ, ಮೆಂಟರ್, ಸಮಯ

ಚಿಕ್ಕಮಗಳೂರಿನವರು ಕಾಫಿ ಮೇಲೆ ಪ್ರಾಜೆಕ್ಟ್ ತೆಗೆದುಕೊಳ್ಳುವುದು ಸಹಜ. ಜಿಲ್ಲೆಯಲ್ಲೇ, ಬಾಳೆಹೊನ್ನೂರಿನ ಹತ್ತಿರ, 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಇಂಥ ಕಡೆ ಸುಮ್ನೆ ಹೋಗಿ ನಿಂತರೆ ಗೇಟಿನಲ್ಲೇ ಉಳಿಯುತ್ತೀರಿ. ವಿಭಾಗದ ಮುಖ್ಯಸ್ಥರಿಂದ ಪತ್ರ ಬರೆಸಿ, ಮೊದಲೇ ಕಳಿಸಿ, ದಿನ ಗೊತ್ತು ಮಾಡಿಕೊಂಡು ಹೋಗಿ. ಪತ್ರದಲ್ಲಿ ನಿಮ್ಮ ವಿಷಯ, ಯಾವ ಮಾಹಿತಿ ಬೇಕು ಎನ್ನುವುದು ಸ್ಪಷ್ಟವಾಗಿರಲಿ. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದವರನ್ನು ಮಾತಾಡಿಸಲು ಹೋಗಬೇಡಿ, ಅವರಿಗೆ ಪುರುಸೊತ್ತು ಇರುವುದಿಲ್ಲ.

ನಿಮಗೊಬ್ಬ ಮೆಂಟರ್ ಅಂತ ಅಧ್ಯಾಪಕರನ್ನು ಹೆಸರಿಸಿರುತ್ತಾರೆ. ಬಹಳ ಕಡೆ ಇದು ಪಟ್ಟಿಯಲ್ಲಷ್ಟೇ ಉಳಿಯುತ್ತದೆ. ಅವರನ್ನು ಹುಡುಕಿಕೊಂಡು ಹೋಗಿ. 'ಅರ್ಥ ಆಗ್ತಿಲ್ಲ ಮೇಡಂ' ಅಂದರೆ ಅವರಾದರೂ ಏನು ಮಾಡಿಯಾರು? ಯಾವ ಘಟಕದ ಯಾವ ಲೆಕ್ಕ ಅಂತ ಬರೆದುಕೊಂಡು ಹೋಗಿ. ಪಿಯುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಬ್ರಿಡ್ಜ್ ಕೋರ್ಸ್, ರೆಮಿಡಿಯಲ್ ಕ್ಲಾಸ್ ಇದೆಯೇ ಎಂದು ವಿಚಾರಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕೆಂಬ ಕೇಂದ್ರದ ಮಾರ್ಗಸೂಚಿ ಇದೆ. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು. ಬರೆಯಲು ಸಹಾಯಕರನ್ನೂ ಕೇಳಬಹುದು. ಅರ್ಜಿ, ಪ್ರಮಾಣಪತ್ರ ಮೊದಲೇ ಕೊಡಬೇಕು. ಪರೀಕ್ಷೆಯ ದಿನ ಬೆಳಿಗ್ಗೆ ಓಡಾಡಿದರೆ ಆಗುವುದಿಲ್ಲ. ಓದಿನ ಒತ್ತಡ ತಡೆಯಲಾಗದಿದ್ದರೆ ಕ್ಯಾಂಪಸ್‌ನ ಕೌನ್ಸೆಲರ್ ಬಳಿ ಹೋಗಿ. ಅಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, ನಂಬರ್ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಫಲಿತಾಂಶ ಬಂದ ಮೇಲೆ

ಅಂಕ ಕಡಿಮೆ ಬಂತು ಅಂತ ಸೀದಾ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಬೇಡಿ. ಮೊದಲು ಉತ್ತರಪತ್ರಿಕೆಯ ಫೋಟೊಕಾಪಿ ತರಿಸಿಕೊಳ್ಳಿ. ಯಾವುದಾದರೂ ಉತ್ತರಕ್ಕೆ ಅಂಕವೇ ಹಾಕಿಲ್ಲವೇ, ಕೂಡುವುದರಲ್ಲಿ ತಪ್ಪಾಗಿದೆಯೇ ನೋಡಿ. ಕೂಡಿದ್ದು ತಪ್ಪಿದ್ದರೆ ಮರುಎಣಿಕೆ ಸಾಕು, ಅದಕ್ಕೆ ಶುಲ್ಕವೂ ಕಡಿಮೆ. ಇಲ್ಲವಾದರೆ ಆ ವಿಷಯದ ಅಧ್ಯಾಪಕರಿಗೆ ತೋರಿಸಿ, ಅವರು ಹೌದು ಅಂದರೆ ಮಾತ್ರ ಮುಂದುವರಿಯಿರಿ. ಇದಕ್ಕೆಲ್ಲ ಕೊಡುವ ದಿನಗಳು ಕಡಿಮೆ. ಹಾಗಾಗಿ ಫಲಿತಾಂಶದ ಜೊತೆಗೇ ಅಧಿಸೂಚನೆಯನ್ನೂ ಓದಿ, ಕಟ್ಟಿದ ಹಣದ ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.